ಐವತ್ತು ವರ್ಷಕ್ಕೊಮ್ಮೆ ಬರುವ ಮಳೆ ಪ್ರತಿವರ್ಷ ಬಂದರೆ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಮೋರಿ, ಸೇತುವೆ, ಕೆರೆ, ನಾಲೆಗಳ ಎಸ್ಟಿಮೇಟಿಗೆ ಸಹಿ ಹಾಕುವ ಎಂಜಿನಿಯರುಗಳಿಗೆ ಬಹಿರಂಗ ಪತ್ರ



ಈ ಪತ್ರದಲ್ಲಿ ಕಮಿಷನ್ನಿನ ಮಾತಿಲ್ಲ, ಸಿಮೆಂಟು ಕದ್ದ ಆರೋಪವಿಲ್ಲ, ಯಾರ ವರ್ಗಾವಣೆಯನ್ನೂ ಕೇಳುತ್ತಿಲ್ಲ. ಹಾಗಾಗಿ ಧೈರ್ಯವಾಗಿ ಕೊನೆಯವರೆಗೆ ಓದಬಹುದು. ನನ್ನ ದೂರು ನಿಮ್ಮ ಎಸ್ಟಿಮೇಟಿನಲ್ಲಿ ಇಲ್ಲದ ಒಂದು ಕಾಲಂ ಬಗ್ಗೆ. ಹಳ್ಳದಲ್ಲಿ ಹರಿಯುವ ನೀರು ಸೆಕೆಂಡಿಗೆ ಇಷ್ಟು ಘನ ಮೀಟರ್, ಕೆರೆಗೆ ಬರುವ ನೀರು ಇಷ್ಟು ದಶಲಕ್ಷ ಘನ ಅಡಿ, ನಾಲೆಯ ಕೊನೆಗೆ ಮುಟ್ಟುವುದು ಇಷ್ಟು ಕ್ಯುಸೆಕ್ ಎಂದು ಎಲ್ಲ ಕಡೆಯೂ ಒಂದೊಂದೇ ಅಂಕಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೀರಿ. ಆ ಅಂಕಿ ತಪ್ಪುವ ಸಾಧ್ಯತೆ ಎಷ್ಟೆಂದು ಯಾವ ಹಾಳೆಯಲ್ಲೂ ಬರೆಯುವುದಿಲ್ಲ. ತಪ್ಪಿದ ದಿನ ಅದರ ಬಿಲ್ಲು ಬರುವುದು ಮಾತ್ರ ನಮ್ಮ ಹೆಸರಿಗೆ. ಕೊಚ್ಚಿಹೋದ ಈರುಳ್ಳಿ ಹೊಲ, ಸುಳಿ ಒಣಗಿದ ಅಡಿಕೆ, ಹಳ್ಳ ಇಳಿಯುವವರೆಗೂ ಆಚೆ ದಡದಲ್ಲೇ ನಿಲ್ಲುವ ಶಾಲೆಯ ಮಕ್ಕಳು, ಇವೆಲ್ಲ ಆ ಬಿಲ್ಲಿನ ಬಾಬ್ತುಗಳು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾಗಿ, ಈಗ ಅಜ್ಜಂಪುರದ ಕಡೆ ತೋಟ ನೋಡಿಕೊಂಡಿರುವವನು. ನಮ್ಮೂರ ಹಳ್ಳಕ್ಕೆ ಹಾಕಿದ್ದ ಪೈಪ್ ಮೋರಿ ಒಂದು ಮಳೆಗಾಲದಲ್ಲಿ ಕಿತ್ತುಹೋಯಿತು. ಹೊಸದು ಹಾಕಿದರು. ಮರುವರ್ಷ ಅದೂ ಹೋಯಿತು. ನೋಡಲು ಬಂದ ಕಿರಿಯ ಎಂಜಿನಿಯರ್, ಒಳ್ಳೆಯ ಹುಡುಗ, ‘ಇಂಥ ಮಳೆ ಐವತ್ತು ವರ್ಷಕ್ಕೊಮ್ಮೆ ಬರೋದು ಸಾರ್’ ಅಂದ. ‘ಹಂಗಾದ್ರೆ ಹೋದ ವರ್ಷದಿಂದ ಈಚೆಗೆ ನನಗೆ ಐವತ್ತು ವಯಸ್ಸು ಜಾಸ್ತಿಯಾಗಿರಬೇಕಪ್ಪ’ ಅಂದೆ. ಇಬ್ಬರೂ ನಕ್ಕೆವು. ಮೂರನೇ ಸಲವೂ ಅದೇ ಅಳತೆಯ ಪೈಪೇ ಲಾರಿಯಿಂದ ಇಳಿಯಿತು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಕಾಲೇಜಿನಲ್ಲಿ ಕಲಿಸಿದ್ದು, ಕಚೇರಿಯಲ್ಲಿ ಕೊಟ್ಟಿದ್ದು ಅದೇ ಭಾಷೆ. ಐವತ್ತು ವರ್ಷಕ್ಕೊಮ್ಮೆಯ ಮಳೆ ಎಂದರೆ ಪಂಚಾಂಗ ನೋಡಿಕೊಂಡು ಬರುವ ಮಳೆಯಲ್ಲ. ಯಾವ ವರ್ಷವಾದರೂ ಅದು ಬರುವ ಸಾಧ್ಯತೆ 2% ಎಂದಷ್ಟೇ ಅದರ ಅರ್ಥ. ಹೋದ ವರ್ಷ ಬಂದಿತ್ತು ಎಂಬ ಕಾರಣಕ್ಕೆ ಈ ವರ್ಷ ರಜೆ ತೆಗೆದುಕೊಳ್ಳುವುದಿಲ್ಲ. ಅಂಥ ಮಳೆಗೆ ಕಟ್ಟಿದ ಮೋರಿ ಐವತ್ತು ವರ್ಷ ಬಾಳಬೇಕು ಎಂದುಕೊಂಡರೆ, ಅಷ್ಟರೊಳಗೆ ಒಮ್ಮೆಯಾದರೂ ಮೀರುವ ಮಳೆ ಬರುವ ಸಾಧ್ಯತೆ ಸುಮಾರು 64%. ನೂರು ವರ್ಷದ ಮಳೆಗೆ ಕಟ್ಟಿದ್ದಕ್ಕೂ ಐವತ್ತು ವರ್ಷದಲ್ಲಿ ಸುಮಾರು 39% ಅಪಾಯ ಇದ್ದೇ ಇದೆ. ಇದು ದ್ವಿತೀಯ ಪಿಯುಸಿ ಲೆಕ್ಕ, ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಇನ್ನು ಐವತ್ತು ವರ್ಷದ ಮಳೆ ಬೆನ್ನುಬೆನ್ನಿಗೆ ಎರಡು ವರ್ಷ ಬರುವ ಸಾಧ್ಯತೆ 2,500ಕ್ಕೆ 1. ಅಂಥದ್ದು ಕಣ್ಣೆದುರು ನಡೆದರೆ ಗಣಿತದವನು ಮೋಡದ ಮೇಲೆ ಅನುಮಾನ ಪಡುವ ಮೊದಲು ಆ ಐವತ್ತು ಎಂಬ ಅಂಕಿಯ ಮೇಲೆ ಅನುಮಾನ ಪಡುತ್ತಾನೆ.

ನಮ್ಮ ಭಾಗದ ಜನಕ್ಕೆ ಈ ಪಾಠವನ್ನು ವಾಣಿ ವಿಲಾಸ ಸಾಗರ ಕಲಿಸಬೇಕಿತ್ತು. ಕಡೂರು ಸೀಮೆಯ ಮಳೆಯನ್ನೆಲ್ಲ ವೇದಾವತಿ ಹೊತ್ತೊಯ್ದು ಸುರಿಯುವುದು ಅಲ್ಲಿಗೇ. 1907ರಲ್ಲಿ ಕಟ್ಟಿ ಮುಗಿಸಿದ, 30 ಟಿಎಂಸಿ ಹಿಡಿಯುವ ಆ ಮಾರಿಕಣಿವೆ 1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಇನ್ನು ತುಂಬುವುದಿಲ್ಲ ಎಂದು ಜನ ತೀರ್ಮಾನ ಮಾಡಿಬಿಟ್ಟಿದ್ದರು. 2022ರಲ್ಲಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. 1933ಕ್ಕೂ 2022ಕ್ಕೂ ನಡುವೆ ಆದದ್ದೇನೆಂದರೆ, ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಆ ಕಡೆಗೆ ಹರಿಸಲು ಶುರುಮಾಡಿದ್ದರು. ಹಳೆಯ 89 ವರ್ಷದ ದಾಖಲೆಯನ್ನು ಮಾತ್ರ ನೋಡಿ ಕೋಡಿ ಬೀಳುವ ಸಾಧ್ಯತೆ ಲೆಕ್ಕಹಾಕಿದವನಿಗೆ ಇದು ಗೊತ್ತಾಗುವುದಿಲ್ಲ. ಮನುಷ್ಯ ಕೈಯಾಡಿಸಿದ ಮೇಲೆ ಹಳೆಯ ದಾಖಲೆಯೊಂದೇ ಸಾಕ್ಷಿಯಾಗುವುದಿಲ್ಲ. ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ನಿಮ್ಮ ಎಸ್ಟಿಮೇಟಿನ ಆ ಒಂದೇ ಅಂಕಿ ಬರುವುದೆಲ್ಲಿಂದ? ಸಣ್ಣ ಹಳ್ಳಗಳಿಗೆ ಈಗಲೂ ರೈವ್ಸ್ ಸೂತ್ರ ಬಳಸುವ ಅಭ್ಯಾಸವಿದೆ. ಜಲಾನಯನದ ವಿಸ್ತೀರ್ಣವನ್ನು ಮೂರನೇ ಎರಡರ ಘಾತಕ್ಕೆ ಏರಿಸಿ, ಒಂದು ಗುಣಾಂಕದಿಂದ ಗುಣಿಸಿದರೆ ಪ್ರವಾಹ ಸಿಕ್ಕಿತು. 1884ರಲ್ಲಿ, ಮದ್ರಾಸ್ ಪ್ರಾಂತ್ಯದ ಅನುಭವದಿಂದ ಬಂದ ಸೂತ್ರ. ಪಠ್ಯಪುಸ್ತಕದಲ್ಲಿ ಗುಣಾಂಕದ ಪಟ್ಟಿ ಹೀಗಿದೆ: ಪೂರ್ವ ಕರಾವಳಿಯಿಂದ 80 ಕಿಲೋಮೀಟರ್ ಒಳಗಿದ್ದರೆ 6.8, ಎಂಬತ್ತರಿಂದ 160 ಕಿಲೋಮೀಟರ್ ನಡುವೆ ಇದ್ದರೆ 8.5, ಬೆಟ್ಟದ ಬುಡದ ಸೀಮಿತ ಪ್ರದೇಶಗಳಿಗೆ 10.2. ಕಡೂರಿನಿಂದ ಪೂರ್ವ ಕರಾವಳಿ ನಾನೂರು ಕಿಲೋಮೀಟರಿಗೂ ಹೆಚ್ಚು ದೂರ. ಹತ್ತಿರ ಇರುವುದು ಪಶ್ಚಿಮದ್ದು, ಅದರ ಸುದ್ದಿ ಪಟ್ಟಿಯಲ್ಲೇ ಇಲ್ಲ. ಬಾಬಾಬುಡನ್‌ಗಿರಿಯ ಬುಡದಲ್ಲಿರುವ ಊರಿಗೆ 10.2 ಹಾಕಿದರೂ, ಅದೇ ಹಳ್ಳ ಹತ್ತು ಮೈಲಿ ಬಯಲಿಗೆ ಇಳಿದ ಮೇಲೆ ಏನು ಹಾಕಬೇಕು?

ಇದೇನು ಮಹಾ ವ್ಯತ್ಯಾಸ ಅನ್ನಬೇಡಿ. ನಾಲ್ಕು ಚದರ ಕಿಲೋಮೀಟರಿನ ಸಣ್ಣ ಜಲಾನಯನ ತೆಗೆದುಕೊಳ್ಳಿ. 6.8 ಹಾಕಿದರೆ ಸೆಕೆಂಡಿಗೆ 17 ಘನ ಮೀಟರ್ ನೀರು, 8.5ಕ್ಕೆ 21, 10.2ಕ್ಕೆ ಸುಮಾರು 26. ಒಂದೇ ಹಳ್ಳ, ಒಂದೇ ಸೂತ್ರ, ಪಟ್ಟಿಯಲ್ಲಿ ಬೆರಳು ಮೇಲೆ ಕೆಳಗೆ ಜಾರಿದ್ದಕ್ಕೆ ಅರ್ಧದಷ್ಟು ಹೆಚ್ಚು ನೀರು. 20 ಘನ ಮೀಟರ್ ಸಾಗಿಸುವ ಮೋರಿಯನ್ನು ಅಲ್ಲಿ ಕಟ್ಟಿದಿರಿ ಎನ್ನಿ. 6.8ರಿಂದ 10.2ರವರೆಗೆ ಯಾವ ಗುಣಾಂಕ ಸರಿಯೋ ನಮಗೆ ತಿಳಿಯದು, ಎಲ್ಲಕ್ಕೂ ಸಮಾನ ಅವಕಾಶ ಎಂದಿಟ್ಟುಕೊಂಡರೆ, ಆ ಮೋರಿ ಸಣ್ಣದಾಗಿರುವ ಸಾಧ್ಯತೆ ಮೂರಕ್ಕೆ ಎರಡು. ಇದು ನಮ್ಮ ಅಜ್ಞಾನವೊಂದನ್ನೇ ಲೆಕ್ಕಕ್ಕೆ ಹಿಡಿದಾಗಿನ ಮಾತು. ಮಳೆ ಇನ್ನೂ ಬಿದ್ದೇ ಇಲ್ಲ.

ಇಂಥ ಕಡೆ ಬಳಸಲೆಂದೇ ಎಪ್ಪತ್ತೈದು ವರ್ಷಕ್ಕೂ ಹಳೆಯದಾದ ಒಂದು ವಿಧಾನವಿದೆ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟ್ ಆಡುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಾಮ್‌ಗೆ, ಆಟ ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ಕಂಡುಹಿಡಿಯುವ ಬದಲು ನೂರಾರು ಸಲ ಆಡಿ ಎಣಿಸಬಹುದಲ್ಲ ಅನ್ನಿಸಿತು. ಆತ ಮತ್ತು ಜಾನ್ ಫಾನ್ ನಾಯ್ಮನ್ ಲಾಸ್ ಅಲಮೋಸ್ ಪ್ರಯೋಗಾಲಯಕ್ಕಾಗಿ ಅದನ್ನು ಕಂಪ್ಯೂಟರಿಗೆ ಹತ್ತಿಸಿದರು. ನಿಕೊಲಾಸ್ ಮೆಟ್ರೊಪೊಲಿಸ್ ಅದಕ್ಕೆ ಜೂಜುಕಟ್ಟೆಯ ಊರಾದ ಮಾಂಟೆ ಕಾರ್ಲೊದ ಹೆಸರಿಟ್ಟ. ನಮ್ಮ ಚೌಕಾಬಾರದಲ್ಲಿ ಕವಡೆ ಎಸೆದಂತೆ ಕಂಪ್ಯೂಟರು ಅಂಕಿಗಳನ್ನು ಎಸೆಯುತ್ತದೆ ಅಷ್ಟೆ.

ಮೋರಿಗೆ ಇದನ್ನು ಹಚ್ಚುವುದು ಹೇಗೆಂದರೆ, ಮಳೆಗೆ ಒಂದೇ ಅಂಕಿ ಕೊಡುವ ಬದಲು, ಎಷ್ಟು ಜೋರು ಮಳೆ ಎಷ್ಟು ವರ್ಷಕ್ಕೆ ಬಿದ್ದಿದೆ ಎಂಬ ಇಡೀ ದಾಖಲೆಯಿಂದ ತೆಗೆದ ವಿತರಣೆಯನ್ನು ಕೊಡುತ್ತೀರಿ. ವರ್ಷದ ಅತಿ ದೊಡ್ಡ ಮಳೆಗೆ ಗುಂಬೆಲ್ ವಿತರಣೆ ಹೊಂದುತ್ತದೆಯೋ ಬೇರೆಯದೋ ಎಂದು ಪರೀಕ್ಷಿಸುತ್ತೀರಿ. ಬಿದ್ದ ಮಳೆಯಲ್ಲಿ ಎಷ್ಟು ಹರಿದು ಬರುತ್ತದೆ ಎಂಬುದು ನೆಲ ಒಣಗಿದೆಯೋ ನೆನೆದಿದೆಯೋ, ಮೇಲಿನ ಗುಡ್ಡದಲ್ಲಿ ಕಾಡಿದೆಯೋ ಬೋಳಾಗಿದೆಯೋ ಎಂಬುದರ ಮೇಲೆ ಹಿಗ್ಗಿ ಕುಗ್ಗುತ್ತದೆ, ಅದಕ್ಕೂ ಒಂದು ವ್ಯಾಪ್ತಿ. ಹಳ್ಳದ ಇಳಿಜಾರು, ತಳದ ಒರಟುತನಕ್ಕೆ ಇನ್ನೊಂದು. ಎಸ್ಟಿಮೇಟಿನಲ್ಲಿ ಎಂದೂ ಕಾಣದ, ಆದರೆ ಊರಿನ ಪ್ರತಿಯೊಬ್ಬನಿಗೂ ಗೊತ್ತಿರುವ ಸಂಗತಿಯೊಂದಿದೆ: ಮೊದಲ ಮಳೆಗೆ ಲಂಟಾನ ಪೊದೆ, ತೆಂಗಿನ ಗರಿ, ಸಂತೆಯ ಪ್ಲಾಸ್ಟಿಕ್ಕು ಬಂದು ಪೈಪಿನ ಬಾಯಿ ಅರ್ಧ ಮುಚ್ಚುತ್ತದೆ. ಅದಕ್ಕೂ ಒಂದು ವ್ಯಾಪ್ತಿ ಕೊಡಿ. ಆಮೇಲೆ ಕಂಪ್ಯೂಟರಿಗೆ ಬಿಡಿ. ಪ್ರತಿಸಲ ಒಂದೊಂದರಿಂದ ಒಂದೊಂದು ಅಂಕಿ ಎತ್ತಿಕೊಂಡು, ನೀರು ರಸ್ತೆ ಮೇಲೆ ಹರಿಯಿತೇ ಇಲ್ಲವೇ ಎಂದು ನೋಡುತ್ತ ಹತ್ತು ಸಾವಿರ ಮಳೆಗಾಲ ಕಳೆಯುತ್ತದೆ. ಚಹಾ ಆರುವಷ್ಟರಲ್ಲಿ ಉತ್ತರ ಬರುತ್ತದೆ. ಹತ್ತು ಸಾವಿರದಲ್ಲಿ 900 ಸಲ ರಸ್ತೆ ಮುಳುಗಿತು ಎಂದರೆ ಈ ಮೋರಿ ಯಾವ ವರ್ಷವಾದರೂ ಸೋಲುವ ಸಾಧ್ಯತೆ 9%. ಗ್ರಾಮಸಭೆಯಲ್ಲಿ ನಮಗೆ ಬೇಕಿರುವುದು ಈ ಒಂದು ಸಾಲು. ಒಂದು ಮೀಟರ್ ಪೈಪಿನ ಬದಲು ಬಾಕ್ಸ್ ಮೋರಿ ಹಾಕಿದರೆ ಅದು ಎಷ್ಟಕ್ಕೆ ಇಳಿಯುತ್ತದೆ, ಖರ್ಚು ಎಷ್ಟು ಏರುತ್ತದೆ ಎಂಬುದು ಎರಡನೆಯ ಸಾಲು. ಹೆಚ್ಚು ಖರ್ಚು ಬೇಡ, ಅಪಾಯವನ್ನೇ ಇಟ್ಟುಕೊಳ್ಳುತ್ತೇವೆ ಎಂದು ಊರವರೇ ಹೇಳಿದರೂ ಹೇಳಬಹುದು. ಆದರೆ ಹಾಗೆ ಹೇಳುವ ಹಕ್ಕು ನಮ್ಮದು.

ಈ ಲೆಕ್ಕದಿಂದ ಇನ್ನೊಂದು ಲಾಭವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಮೋರಿ ಸೋತ 900 ಸಲದಲ್ಲಿ ಯಾವ ಅಂಕಿ ಎಷ್ಟು ತಪ್ಪಿತಸ್ಥ ಎಂದು ಬಿಡಿಸಿ ಹೇಳುವ ಕ್ರಮವೂ ಇದೆ. ಅದನ್ನು ಸಂವೇದನಾಶೀಲತೆಯ ವಿಶ್ಲೇಷಣೆ ಅನ್ನುತ್ತಾರೆ. ಬಹುಪಾಲು ತಪ್ಪು ಕಸ ಕಟ್ಟಿಕೊಂಡಿದ್ದರದ್ದೇ ಎಂದು ತಿಳಿದರೆ ದೊಡ್ಡ ಪೈಪಿಗೆ ಲಕ್ಷಾಂತರ ಸುರಿಯಬೇಕಿಲ್ಲ, ಮೇ ತಿಂಗಳಲ್ಲಿ ಇಬ್ಬರು ಆಳು ಹಚ್ಚಿ ಬಾಯಿ ಬಿಡಿಸಿದರೆ ಸಾಕು. ಮಳೆಯ ದಾಖಲೆ ಸಾಲದ್ದೇ ಕಾರಣ ಎಂದಾದರೆ ಮಾಪಕ ಹಾಕಿ. ದುಡ್ಡು ಎಲ್ಲಿ ಹಾಕಬೇಕೆಂದು ಹೇಳುವ ಲೆಕ್ಕವನ್ನು ದುಡ್ಡಿಲ್ಲದ ಇಲಾಖೆಗಳೇ ಬಳಸದಿರುವುದು ನನಗೆ ಒಗಟು.

ತಂತ್ರಾಂಶ ದುಬಾರಿ ಎಂಬ ಮಾತು ಕೇಳಿದ್ದೇನೆ. ಅಮೆರಿಕದ ಸೇನೆಯ ಎಂಜಿನಿಯರ್ ದಳದ ಜಲವಿಜ್ಞಾನ ಕೇಂದ್ರ ರೂಪಿಸಿದ ಹೆಕ್-ಎಚ್‌ಎಂಎಸ್ ಉಚಿತ. ನಮ್ಮ ಕನ್ಸಲ್ಟೆಂಟರಿಗೆ ಅದು ಚಿರಪರಿಚಿತ, ಅನಿಶ್ಚಿತತೆಯನ್ನು ಮಾಂಟೆ ಕಾರ್ಲೊ ರೀತಿಯಲ್ಲಿ ಅಳೆಯುವ ವ್ಯವಸ್ಥೆ ಅದರೊಳಗೇ ಇದೆ. ನಾನು ನೋಡಿದ ವರದಿಗಳಲ್ಲಿ ಆ ಬಾಗಿಲನ್ನು ಯಾರೂ ತೆರೆದಂತೆ ಕಾಣಲಿಲ್ಲ. ಪ್ರವಾಹದ ಆವರ್ತನಕ್ಕೆಂದೇ ಹೆಕ್-ಎಸ್‌ಎಸ್‌ಪಿ ಇದೆ, ಅದಕ್ಕೂ ಕಾಸಿಲ್ಲ. ಇನ್ನೂ ದೊಡ್ಡ ಕೆಲಸಕ್ಕೆ ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್, ಏರ್‌ಬಸ್ ಮೊದಲಾದವರು ಸೇರಿ ಬೆಳೆಸಿದ ಓಪನ್‌ಟರ್ನ್ಸ್, ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ ಡಕೋಟಾ, ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಯುಕ್ಯೂಲ್ಯಾಬ್ ಇವೆ. ಲಕ್ಷಕ್ಕೊಂದು ಸಲ ನಡೆಯುವ ಅವಘಡವನ್ನು ಹುಡುಕಲು ಸುಮ್ಮನೆ ಎಸೆಯುತ್ತ ಕುಳಿತರೆ ಮುಗಿಯದು. ಕಡಿಮೆ ಎಸೆತದಲ್ಲಿ ಎಲ್ಲ ಮೂಲೆ ಮುಟ್ಟುವ ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನ 1979ರದು, ಸೋಲಿನ ಗಡಿಗೆ ಅತಿ ಹತ್ತಿರದ ಬಿಂದುವನ್ನು ಹುಡುಕಿ ಲೆಕ್ಕ ಮುಗಿಸುವ ಹ್ಯಾಸೋಫರ್ ಮತ್ತು ಲಿಂಡ್ ಅವರ ಕ್ರಮ 1974ರದು. ಇವೆಲ್ಲ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಂಥವಕ್ಕೆ ಬೇಕು. ಊರ ಮೋರಿಗೆ ಪಂಚಾಯಿತಿ ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಸಾಕು, ಅದರಲ್ಲಿ ಯಾದೃಚ್ಛಿಕ ಅಂಕಿ ಕೊಡುವ ಫಂಕ್ಷನ್ ಮೊದಲಿನಿಂದಲೂ ಇದೆ.

ಸಂಭವನೀಯತೆ ಎಂದರೆ ನಿಮಗೆ ಹೊಸದೂ ಅಲ್ಲ. ಐಎಸ್ 456 ಸಂಹಿತೆಯ 1978ರ ಆವೃತ್ತಿಯಿಂದ ಈಚೆಗೆ ನೀವು ಕಾಂಕ್ರೀಟನ್ನು ಅಳೆಯುತ್ತಿರುವುದೇ ಅದರಿಂದ. ಎಂ-20 ಎಂದು ಬರೆದರೆ, ಪರೀಕ್ಷೆಗಿಟ್ಟ ಘನಗಳಲ್ಲಿ 5%ಗಿಂತ ಹೆಚ್ಚಿನವುಗಳ ಬಲ 20ಕ್ಕಿಂತ ಕೆಳಗೆ ಬೀಳಬಾರದು ಎಂದರ್ಥ. ಅದಕ್ಕಾಗಿ ಸರಾಸರಿ 26.6ರ ಗುರಿ ಇಟ್ಟು ಕಲಸಬೇಕು. ಕಲ್ಲು, ಮರಳು, ಸಿಮೆಂಟು ಪ್ರತಿಸಲ ಒಂದೇ ತೆರನಾಗಿರುವುದಿಲ್ಲ ಎಂದು ಸಂಹಿತೆ ಒಪ್ಪಿಕೊಂಡಿದೆ. ಗಾರೆಯನ್ನು ನಂಬದ ನೀವು ಮೋಡವನ್ನು ಅದು ಹೇಗೆ ನಂಬಿದಿರಿ?

ಅದೂ ನಮ್ಮ ಮೂರು ತಾಲ್ಲೂಕುಗಳ ಮೋಡವನ್ನು! ತರೀಕೆರೆ ತಾಲ್ಲೂಕಿನ ಪಶ್ಚಿಮದ ತುದಿಯಲ್ಲಿ ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಭದ್ರಾ ಅಭಯಾರಣ್ಯ. ಅಲ್ಲಿ ಮಲೆನಾಡಿನ ಮಳೆ. ಬೀರೂರು ದಾಟಿ ಕಡೂರಿಗೆ ಬಂದರೆ ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು. ಮಧ್ಯೆ ಗುಡ್ಡದ ಸಾಲೊಂದು ಅಡ್ಡ. ಹಳ್ಳದ ತಲೆ ಒಂದು ಮಳೆಯಲ್ಲಿ, ಬಾಲ ಇನ್ನೊಂದು ಮಳೆಯಲ್ಲಿ. ತಾಲ್ಲೂಕಿನ ಸರಾಸರಿ ಎಂಬ ಅಂಕಿ ಇಲ್ಲಿ ಯಾವ ಊರಿನ ಮಳೆಯೂ ಅಲ್ಲ. ಆದರೆ ದಾಖಲೆ ಇಲ್ಲ ಎಂದು ಈಗ ಹೇಳುವಂತಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಟೆಲಿಮೆಟ್ರಿಕ್ ಮಳೆಮಾಪಕ ನೆಟ್ಟು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ತರಿಸಿಕೊಳ್ಳುತ್ತದೆ. ದೇಶದಲ್ಲೇ ಮೆಚ್ಚಬೇಕಾದ ವ್ಯವಸ್ಥೆ. ಮೋರಿ ಕಿತ್ತುಹೋಗುವುದು ದಿನದ ಒಟ್ಟು ಮಳೆಯಿಂದಲ್ಲ, ಅರ್ಧ ಗಂಟೆಯ ರಭಸದಿಂದ. ಅಳೆಯುವ ಯಂತ್ರ ಪಂಚಾಯಿತಿ ಕಟ್ಟಡದ ಮೇಲೇ ಇದೆ, ಕೆಳಗಿನ ಕೋಣೆಯಲ್ಲಿ ಎಸ್ಟಿಮೇಟು 1884ರ ಸೂತ್ರದಲ್ಲಿ ತಯಾರಾಗುತ್ತದೆ.

ಕೆರೆಗಳ ವಿಷಯಕ್ಕೆ ಬರುತ್ತೇನೆ. ಮದಗದಕೆರೆ, ಅಯ್ಯನಕೆರೆಯಂಥ ಹಿರಿಯರು ಇರುವ ಸೀಮೆ ಇದು. ಅವುಗಳ ಕೆಳಗೆ ಒಂದರ ಕೋಡಿ ಇನ್ನೊಂದರ ಒಳಹರಿವಾಗುವಂತೆ ಸಣ್ಣ ಕೆರೆಗಳ ಸರಣಿ. ಸಣ್ಣ ಕೆರೆಯ ಕೋಡಿಯನ್ನು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆ ಕಟ್ಟಬೇಕು ಎನ್ನುತ್ತದೆ ಐಎಸ್ 11223. ಸರಿ. ನಿಮ್ಮ ವ್ಯಾಪ್ತಿಯಲ್ಲಿ ಅಂಥ ನೂರು ಕೆರೆ ಇದ್ದರೆ, ಸರಾಸರಿ ವರ್ಷಕ್ಕೊಂದು ಕಡೆ ‘ನೂರು ವರ್ಷದ’ ನೀರು ಬರಬೇಕು. ಆದರೆ ಅದು ವರ್ಷಕ್ಕೊಂದು ಎಂದು ಶಿಸ್ತಾಗಿ ಹಂಚಿಕೊಂಡು ಬರುವುದಿಲ್ಲ. ಒಂದೇ ಮೋಡ ಸರಣಿಯ ಎಲ್ಲ ಕೆರೆಗೂ ಸುರಿಯುತ್ತದೆ. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನದಕ್ಕೆ ಬರುವ ನೀರು ಮಳೆಯ ಲೆಕ್ಕದಲ್ಲೇ ಇಲ್ಲ. ಹತ್ತು ವರ್ಷ ಏನೂ ಆಗದೆ ಹನ್ನೊಂದನೆಯ ವರ್ಷ ಒಂದೇ ರಾತ್ರಿ ಐದು ಕೆರೆ ಹೋಗಬಹುದು. ಒಂದೊಂದು ಕೆರೆಗೆ ಒಂದೊಂದು ಫೈಲು ತೆರೆದು, ಒಂದೊಂದಕ್ಕೂ ಬೇರೆ ಕಂಟ್ರಾಕ್ಟರನ್ನಿಟ್ಟು, ಬೇರೆ ಬೇರೆ ವರ್ಷ ಏರಿ ಎತ್ತರಿಸಿದರೆ ಈ ಸರಣಿಯ ಅಪಾಯ ಯಾವ ಫೈಲಿಗೂ ಸಿಗುವುದಿಲ್ಲ. ಹಿಂದೆ ನೀರಗಂಟಿಗಳು ಮೇಲಿನ ಕೆರೆಯವನ ಸುದ್ದಿ ಕೇಳಿ ಕೆಳಗಿನ ತೂಬು ಎತ್ತುತ್ತಿದ್ದರು. ಅಷ್ಟನ್ನಾದರೂ ಕಂಪ್ಯೂಟರಿನಿಂದ ಮಾಡಿಸಿ: ಸರಣಿಯನ್ನು ಒಟ್ಟಿಗೆ ಇಟ್ಟು, ಒಂದೇ ಮಳೆಯನ್ನು ಎಲ್ಲದರ ಮೇಲೂ ಸುರಿಸಿ ನೋಡಿ.

ಹೆಚ್ಚು ನೀರಿನ ಕಥೆ ಇದಾಯಿತು. ಇಲ್ಲದ ನೀರಿನ ಕಥೆ ಇನ್ನೂ ಕಹಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ, ಭದ್ರೆಯಿಂದ 29.9 ಟಿಎಂಸಿ ಎತ್ತಿ ಅಜ್ಜಂಪುರದ ಸುರಂಗಕ್ಕೆ. ಅಲ್ಲಿಂದ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, ಜೊತೆಗೆ 367 ಕೆರೆ ತುಂಬಿಸುವುದು. ಅಂಕಿಗಳು ದಶಾಂಶದವರೆಗೆ ಖಚಿತ. ಭದ್ರೆಯೂ ಸೇರಿದ ಕೃಷ್ಣಾ ಕಣಿವೆಯ ನೀರು ಹಂಚಿದ್ದೇ ಸಂಭವನೀಯತೆಯ ಮೇಲೆ ಎಂಬುದು ಮಾತ್ರ ಯಾವ ಭಾಷಣದಲ್ಲೂ ಬರುವುದಿಲ್ಲ. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಲೆಕ್ಕಹಾಕಿದ 2,060 ಟಿಎಂಸಿ, ನೂರರಲ್ಲಿ 75 ವರ್ಷ ಸಿಗುವ ನೀರು. ಎರಡನೇ ನ್ಯಾಯಮಂಡಳಿ 2010ರಲ್ಲಿ ಅದನ್ನು 65 ವರ್ಷಕ್ಕೆ ಇಳಿಸಿ, ಅಂದರೆ ಹೆಚ್ಚು ನೀರನ್ನು ಕಡಿಮೆ ಭರವಸೆಯ ಮೇಲೆ, ಹಂಚಲು ಹೊರಟಿತು.

75% ಭರವಸೆ ಎಂದರೆ ನಾಲ್ಕು ವರ್ಷದಲ್ಲಿ ಒಂದು ವರ್ಷ ಹೇಳಿದಷ್ಟು ಬರುವುದಿಲ್ಲ ಎಂದೇ ಬರೆದುಕೊಟ್ಟಂತೆ. ರಾಗಿ ಬೆಳೆಯುವವನು ಅದನ್ನು ತಾಳಿಕೊಂಡಾನು, ಒಂದು ವರ್ಷ ಹುರುಳಿ ಚೆಲ್ಲಿ ಸುಮ್ಮನಿದ್ದಾನು. ಅಡಿಕೆಯವನಿಗೆ ಸಾಧ್ಯವಿಲ್ಲ. ಆರೇಳು ವರ್ಷ ಸಾಕಿ, ನಲವತ್ತು ವರ್ಷ ನಂಬುವ ಮರಕ್ಕೆ ನಾಲ್ಕನೆಯ ವರ್ಷ ನೀರಿಲ್ಲ ಎಂದರೆ ಮುಂದಿನ ಮೂರು ವರ್ಷದ ನೀರು ಯಾರಿಗೆ? ನೀರು ಬರುತ್ತದೆ ಎಂದು ಕೇಳಿ ನಮ್ಮ ಕಡೆ ಎಷ್ಟು ರಾಗಿ ಹೊಲ, ಈರುಳ್ಳಿ ಹೊಲಗಳಿಗೆ ಅಡಿಕೆ ಸಸಿ ಇಳಿದಿದೆ ಎಂದು ರಸ್ತೆಯ ಎಡಬಲ ನೋಡಿದರೆ ಗೊತ್ತಾಗುತ್ತದೆ. ಆ ರೈತರಿಗೆ ಯಾರೂ ನಾಲ್ಕರಲ್ಲಿ ಒಂದರ ಮಾತು ಹೇಳಿಲ್ಲ. ಕೆಟ್ಟ ವರ್ಷಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂದುಕೊಂಡರೆ ಸತತ ಮೂರು ಬರುವ ಸಾಧ್ಯತೆ 64ಕ್ಕೆ 1. ಆದರೆ 2001ರಿಂದ 2004ರವರೆಗೆ ರಾಜ್ಯ ಸತತ ಮೂರು ಬರ ಕಂಡಿತು. ಬರಗಳು ಗುಂಪುಕಟ್ಟಿಕೊಂಡು ಬರುತ್ತವೆ. ಒಳ್ಳೆಯ ತಂತ್ರಾಂಶಕ್ಕೆ ಅದನ್ನು ಹೇಳಿಕೊಡಬಹುದು: ಈ ವರ್ಷದ ಹರಿವು ಹೋದ ವರ್ಷದ ಹರಿವಿನ ಮೇಲೆ ಎಷ್ಟು ಅವಲಂಬಿಸಿದೆ ಎಂಬುದನ್ನು ಸೇರಿಸಿ ಸಾವಿರಾರು ವರ್ಷದ ಕೃತಕ ಹರಿವು ಹುಟ್ಟಿಸುವ ಥಾಮಸ್-ಫೀರಿಂಗ್ ಮಾದರಿ 1962ರಿಂದ ಇದೆ.

2025ರಲ್ಲಿ ಭದ್ರಾ ಬಲದಂಡೆ ನಾಲೆಯನ್ನು ಸೀಳಿ ತರೀಕೆರೆ, ಹೊಸದುರ್ಗದ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ದಾವಣಗೆರೆಯ ರೈತರು ಬೀದಿಗಿಳಿದರು. ನಮಗೆ ಕುಡಿಯುವ ನೀರು ಬೇಕು ಎಂಬುದೂ ನಿಜ, ನಾಲೆಯ ಕೊನೆಯ ಭಾಗದವರಿಗೆ ಈಗಲೇ ನೀರು ಮುಟ್ಟುವುದಿಲ್ಲ ಎಂಬುದೂ ನಿಜ. 71.5 ಟಿಎಂಸಿಯ ಜಲಾಶಯ 2023ರಲ್ಲಿ ತುಂಬಲೇ ಇಲ್ಲ, ಆ ಭಯ ಅವರ ಕಣ್ಣಲ್ಲಿ ಇನ್ನೂ ಇದೆ. ಆಗ ಮೇಜಿನ ಮೇಲೆ ಇಡಬೇಕಿದ್ದ ಕಾಗದ ಒಂದೇ: ಈ ಪೈಪ್ ಹಾಕುವ ಮೊದಲು ಕೊನೆಯ ಭಾಗದವರಿಗೆ ನೂರರಲ್ಲಿ ಎಷ್ಟು ವರ್ಷ ನೀರು ಕಡಿಮೆ ಬೀಳುತ್ತಿತ್ತು, ಹಾಕಿದ ಮೇಲೆ ಎಷ್ಟು ವರ್ಷ? ಒಂದೋ ಎರಡೋ ವರ್ಷ ಹೆಚ್ಚಿದರೆ ಅವರು ನಮ್ಮ ಬಾಯಾರಿಕೆಗೆ ಒಪ್ಪಿಯಾರು. ಹತ್ತು ಹೆಚ್ಚಿದರೆ ನಾವೇ ನಾಚಿಕೊಂಡು ಬೇರೆ ದಾರಿ ಹುಡುಕುತ್ತಿದ್ದೆವು. ಜಲಾಶಯದ ಒಳಹರಿವಿನ ದಾಖಲೆ ಅರ್ಧ ಶತಮಾನಕ್ಕೂ ಹಿಂದಿನಿಂದ ಇದೆ. ಆ ಕಾಗದ ಮೇಜಿಗೆ ಬರಲಿಲ್ಲ, ಘೋಷಣೆ ಬಂದವು.

ಖರ್ಚಿನ ವಿಷಯದಲ್ಲೂ ಅದೇ ಹಾಡು. ಮೇಲ್ದಂಡೆ ಯೋಜನೆಯ ಅಂದಾಜು 5,985 ಕೋಟಿಯಿಂದ 12,340 ಕೋಟಿಗೆ, ಅಲ್ಲಿಂದ 21,473 ಕೋಟಿಗೆ ಹೋಯಿತು. ಪ್ರತಿಸಲವೂ ಒಂದೇ ಅಂಕಿ. ನಾರ್ವೆ ದೇಶದಲ್ಲಿ 2000ದಿಂದ ಈಚೆಗೆ ದೊಡ್ಡ ಯೋಜನೆಗಳಿಗೆ ಎರಡು ಅಂಕಿ ಕೊಡಬೇಕು: ಮೀರುವ ಸಾಧ್ಯತೆ ಅರ್ಧಕ್ಕರ್ಧ ಇರುವ ಮೊತ್ತ ಒಂದು, ನೂರಕ್ಕೆ ಹದಿನೈದು ಇರುವ ಮೊತ್ತ ಇನ್ನೊಂದು. ಇಲಾಖೆಗೆ ಸಣ್ಣದು, ಸಂಸತ್ತಿನ ಮಂಜೂರಾತಿಗೆ ದೊಡ್ಡದು.

ಇದೆಲ್ಲ ಹೊರದೇಶದ ಶೋಕಿ ಎಂದು ಯಾರಾದರೂ ಅಂದರೆ ಪ್ರಶಾಂತಚಂದ್ರ ಮಹಾಲನೊಬಿಸ್ ಅವರನ್ನು ನೆನಪಿಸಿ. 1922ರ ಉತ್ತರ ಬಂಗಾಳದ ಪ್ರವಾಹದ ನಂತರ ಎಂಜಿನಿಯರುಗಳು ನೀರು ತಡೆಹಿಡಿಯುವ ದುಬಾರಿ ಜಲಾಶಯ ಕಟ್ಟಲು ಹೊರಟಿದ್ದರು. ಮಹಾಲನೊಬಿಸ್ ಸುಮಾರು ಐವತ್ತು ವರ್ಷದ ಮಳೆ ದಾಖಲೆ ಜಾಲಾಡಿ, ಅದರಿಂದ ಪ್ರಯೋಜನವಿಲ್ಲ, ನೀರು ಬೇಗ ಹರಿದುಹೋಗಲು ದಾರಿ ಬೇಕು ಎಂದರು. 1926ರಲ್ಲಿ ಒಡಿಶಾದ ಬ್ರಾಹ್ಮಣಿ ನದಿ ಉಕ್ಕಿದಾಗ, ತಳ ಎದ್ದಿದೆ, ದಂಡೆ ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ವಾದ. ಸುಮಾರು ಅರವತ್ತು ವರ್ಷದ ಅಂಕಿ ನೋಡಿ, ತಳ ಏರಿಲ್ಲ, ಮೇಲಿನ ಜಲಾನಯನದಲ್ಲಿ ಬಿದ್ದ ಅತಿಮಳೆಯೇ ಕಾರಣ ಎಂದು ಅವರು ತೋರಿಸಿದರು. ಕಂಪ್ಯೂಟರು ಹುಟ್ಟುವ ಮೊದಲೇ, ಕೈಲೆಕ್ಕದಲ್ಲಿ. ಈಚಿನ ದಶಕಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗದಲ್ಲಿ ಪಿ.ಪಿ. ಮುಜುಂದಾರ್ ನೀರಿನ ಅನಿಶ್ಚಿತತೆಯ ಮೇಲೆ, ಸಿ.ಎಸ್. ಮನೋಹರ್ ಕಟ್ಟಡಗಳ ವಿಶ್ವಾಸಾರ್ಹತೆಯ ಮೇಲೆ, ಜಿ.ಎಲ್. ಶಿವಕುಮಾರ್ ಬಾಬು ಮಣ್ಣಿನ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಜ್ಞಾನ ಬೀರೂರಿನಲ್ಲಿ ರೈಲು ಹತ್ತಿದರೆ ಅದೇ ದಿನ ಮುಟ್ಟುವಷ್ಟು ಹತ್ತಿರದಲ್ಲಿದೆ.

ಒಂದು ಹೆದರಿಕೆ ನನಗೂ ಇದೆ, ಮುಚ್ಚಿಡುವುದಿಲ್ಲ. ಈ ತಂತ್ರಾಂಶಗಳು ಬಣ್ಣಬಣ್ಣದ ನಕ್ಷೆ ಕೊಡುತ್ತವೆ. ತಪ್ಪು ಅಂಕಿ ತುಂಬಿದರೂ ಅಷ್ಟೇ ಚೆಂದವಾಗಿ ಕೊಡುತ್ತವೆ. ಬೇಕಾದ ಉತ್ತರ ಬರುವವರೆಗೆ ವ್ಯಾಪ್ತಿಯನ್ನು ಹಿಂದೆ ಮುಂದೆ ಎಳೆಯುವ ಕನ್ಸಲ್ಟೆಂಟರಿಗೆ ಇದು ಹೊಸ ಆಯುಧವೂ ಆದೀತು. ಹಾಗಾಗಿಯೇ ಉತ್ತರಕ್ಕಿಂತ ಮೊದಲು ನಾವು ಕೇಳುವುದು ತುಂಬಿದ ಅಂಕಿಗಳನ್ನು. ಯಾವ ಮಾಪಕದ ಎಷ್ಟು ವರ್ಷದ ಮಳೆ, ಯಾವ ವಿತರಣೆ, ಕಸಕ್ಕೆ ಎಷ್ಟು, ಏನೇನನ್ನು ಒಂದಕ್ಕೊಂದು ಸಂಬಂಧವಿಲ್ಲ ಎಂದು ಹಿಡಿದಿರಿ, ಇಷ್ಟನ್ನೂ ಬರೆದುಕೊಡಿ. ನಲವತ್ತು ವರ್ಷದ ದಾಖಲೆಯಿಂದ ಸಾವಿರ ವರ್ಷದ ಪ್ರವಾಹ ಹೇಳಿದರೆ ಅದರ ಪಕ್ಕದಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂದೂ ಬರೆಯಿರಿ.

ನಾವು ಕೇಳುವುದು ಇಷ್ಟು. ಮೂರು ತಾಲ್ಲೂಕುಗಳಲ್ಲಿ ಇನ್ನು ಮುಂದೆ ಮಂಜೂರಾಗುವ ಪ್ರತಿ ಮೋರಿ, ಸೇತುವೆ, ಕೋಡಿ ದುರಸ್ತಿಯ ಎಸ್ಟಿಮೇಟಿಗೆ ಎರಡು ಪುಟ ಸೇರಿಸಿ, ಕನ್ನಡದಲ್ಲಿ. ಒಂದರಲ್ಲಿ ತುಂಬಿದ ಅಂಕಿಗಳು. ಇನ್ನೊಂದರಲ್ಲಿ ಇದು ವರ್ಷಕ್ಕೆ ಎಷ್ಟು ಶೇಕಡಾ ಸೋಲಬಹುದು, ಹತ್ತು ವರ್ಷದಲ್ಲಿ ಎಷ್ಟು, ಎಷ್ಟು ಹೆಚ್ಚು ಖರ್ಚು ಮಾಡಿದರೆ ಎಷ್ಟು ಇಳಿಯುತ್ತದೆ. ಸ್ವತಃ ಪ್ರಕಟಿಸಬೇಕಾದ ಮಾಹಿತಿಯ ಬಗ್ಗೆ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ಏನು ಹೇಳುತ್ತದೆಂದು ನಿಮಗೆ ಗೊತ್ತಿದೆ, ಅರ್ಜಿ ಹಾಕಿಸಬೇಡಿ. ಕೆರೆಗಳಿಗೆ ಸರಣಿಯ ಲೆಕ್ಕ ಒಟ್ಟಿಗೆ ಮಾಡಿ. ಭದ್ರಾ ನೀರಿನ ಬಗ್ಗೆ ನೂರರಲ್ಲಿ ಎಷ್ಟು ವರ್ಷ ಎಷ್ಟು ನೀರು ಎಂಬ ಪಟ್ಟಿಯನ್ನು, ಮುಂದಿನ ಅಡಿಕೆ ಸಸಿ ನೆಡುವ ಕಾಲಕ್ಕೆ ಮೊದಲು, ರೈತ ಸಂಪರ್ಕ ಕೇಂದ್ರಗಳಲ್ಲಿ ಅಂಟಿಸಿ.

ಆಳಿಲ್ಲ ಎಂದರೆ ಕೈಜೋಡಿಸಲು ನಾವಿದ್ದೇವೆ. ನನ್ನ ಹಳೆಯ ಶಿಷ್ಯರಲ್ಲಿ ಎಂಜಿನಿಯರಿಂಗ್ ಓದಿ ಊರಲ್ಲೇ ಇರುವವರಿದ್ದಾರೆ, ತಾಲ್ಲೂಕು ಕಚೇರಿಯ ಹಳೆಯ ಮಳೆ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹತ್ತಿಸಿಕೊಡಲು ಒಪ್ಪಿದ್ದಾರೆ. ರಿಜಿಸ್ಟರು ಮನೆಗೆ ಕೊಡುವುದು ಬೇಡ, ಕಚೇರಿಯಲ್ಲೇ ಕೂತು ಬರೆಯುತ್ತಾರೆ. ನಮ್ಮ ಹಳ್ಳದ ಮೋರಿಗೆ ನಾನೇ ಒಂದು ಸ್ಪ್ರೆಡ್‌ಶೀಟ್ ಮಾಡಿ ಇಟ್ಟಿದ್ದೇನೆ. ಅದರಲ್ಲಿ ಹಳ್ಳದ ಇಳಿಜಾರಿನ ಕಾಲಂ ಖಾಲಿಯಿದೆ, ಅದನ್ನು ಅಳೆಯುವ ಉಪಕರಣ ನನ್ನಲ್ಲಿಲ್ಲ. ಆ ಹುಡುಗನನ್ನು ಒಂದು ದಿನ ಲೆವೆಲ್ ಉಪಕರಣದೊಂದಿಗೆ ಕಳಿಸಿಕೊಡಿ. ಮೇ ತಿಂಗಳೊಳಗೆ ಆದರೆ ಒಳ್ಳೆಯದು, ಆಮೇಲೆ ಹಳ್ಳಕ್ಕೆ ಇಳಿಯಲಾಗುವುದಿಲ್ಲ.

ಇತಿ,
ಅಜ್ಜಂಪುರ ತಾಲ್ಲೂಕಿನ ಒಬ್ಬ ನಿವೃತ್ತ ಗಣಿತ ಉಪನ್ಯಾಸಕ